ಮಡಚದೆ ಕಳಿಸುವ ಪೇಪರಿಗೆ ಯಾವ ಕವರ್? ಖಾಕಿ, ಬಟ್ಟೆ, ಪ್ಲಾಸ್ಟಿಕ್, ಬಬಲ್ ಎಲ್ಲ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸಾದಾ ಖಾಕಿ ಕವರಿಗೆ. ಷರತ್ತು ಎರಡೇ. ಬಾಯಿಗೆ ಸ್ಟ್ರಿಪ್ ಕಿತ್ತು ಅಂಟಿಸುವ ಗಮ್ ಇರಬೇಕು, ಒಳಗೆ ರಟ್ಟು ಹಾಕಬೇಕು. ಉಳಿದದ್ದೆಲ್ಲ ಇದಕ್ಕಿಂತ ದುಬಾರಿ, ಇಲ್ಲವೇ ಇದಕ್ಕಿಂತ ತಲೆನೋವು.

ನಮ್ಮದು ತೀರ್ಥಹಳ್ಳಿಯಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಅಫಿಡವಿಟ್ಟು, ಕ್ರಯಪತ್ರ ಅಂತ ಜನ ತರುತ್ತಾರೆ. ಕಾಪಿ ತೆಗೆಸಿದ ಮೇಲೆ ಒರಿಜಿನಲ್ ಕೈಗೆ ಕೊಟ್ಟು "ಇದನ್ನೊಂದು ಕವರಿಗೆ ಹಾಕಿಕೊಡಿ, ಮಡಚಬೇಡಿ ಮತ್ತೆ" ಅನ್ನುತ್ತಾರೆ. ಬೆಂಗಳೂರಿಗೆ ಹೋಗುವಷ್ಟರಲ್ಲಿ ಮೂಲೆ ಮುದುರಿದರೆ ಬೈಗುಳ ಪೋಸ್ಟಿಗಲ್ಲ, ಕವರ್ ಕೊಟ್ಟ ನನಗೆ. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ.

ಸೈಜಿನ ಕಥೆ ಬೇಗ ಮುಗಿಸುತ್ತೇನೆ. ಎ4 ಹಾಳೆ 210×297 ಮಿ.ಮೀ. ಅಂಗಡಿಯಲ್ಲಿ "ಎ4 ಕವರ್" ಅಂತ ಕೊಡುವುದು ಹೆಚ್ಚಾಗಿ 10×12 ಇಂಚಿನದು, ಅಂದರೆ ಉದ್ದ 305 ಮಿ.ಮೀ. ಬರೀ ಹಾಳೆ ಆದರೆ ಕೂರುತ್ತದೆ. ಮಳೆಗಾಲದಲ್ಲಿ ಹಾಳೆಯನ್ನು ಪ್ಲಾಸ್ಟಿಕ್ ಎಲ್ ಫೋಲ್ಡರಿಗೆ ಹಾಕಿ ತುರುಕಿ ನೋಡಿ, ಫೋಲ್ಡರಿನ ತುದಿ ಹೊರಗೆ ಇಣುಕುತ್ತದೆ, ಬಾಯಿ ಮುಚ್ಚುವುದೇ ಇಲ್ಲ. ಸಿ4 ಅನ್ನುವ ಅಳತೆ 229×324 ಮಿ.ಮೀ., ಅದರಲ್ಲಿ ಫೋಲ್ಡರೂ ರಟ್ಟೂ ಸೇರಿ ಆರಾಮಾಗಿ ಹೋಗುತ್ತವೆ. ಆನ್‌ಲೈನಿನಲ್ಲಿ ತರಿಸುವಾಗ "ಎ4" ಅನ್ನುವ ಹೆಸರು ನಂಬಬೇಡಿ, ಮಿಲಿಮೀಟರ್ ಓದಿ.

ಈಗ ಅಸಲಿ ಗೋಳಿಗೆ ಬರೋಣ. ಗೋಂದು.

ಹಳೇ ಕಾಲದ ಕವರಿನ ಬಾಯಿಗೆ ಒಣಗಿದ ಗೋಂದು ಸವರಿರುತ್ತದೆ ಅಲ್ವಾ, ಒದ್ದೆ ಮಾಡಿ ಅಂಟಿಸುವುದು. ಬಯಲುಸೀಮೆಯವರಿಗೆ ಅದರಿಂದ ಏನೂ ತೊಂದರೆ ಇರಲಿಕ್ಕಿಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಆಗುಂಬೆ ಕಡೆಯಿಂದ ಮಳೆ ಹಿಡಿದುಕೊಳ್ಳುತ್ತದೆ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು. ಆ ಗೋಂದಿಗೆ ಒದ್ದೆ ಮಾಡಲು ನಾವೇ ಬೇಕಂತಿಲ್ಲ ಮಾರಾಯ್ರೆ, ಗಾಳಿಯ ತೇವ ಸಾಕು. ಒಂದು ವರ್ಷ ರೇಟು ಕಮ್ಮಿ ಅಂತ ದೊಡ್ಡ ಬಂಡಲ್ ತರಿಸಿದ್ದೆ. ಬಂಡಲ್ ಬಿಚ್ಚುವಾಗ ಕವರುಗಳು ಖಾಲಿ ಹೊಟ್ಟೆಯಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದವು. ಕೆಲವದರ ಗೋಂದು ಪಕ್ಕದ ಕವರಿಗೂ ಹತ್ತಿಕೊಂಡಿತ್ತು. ಎಳೆದರೆ ಬಾಯಿಯ ಕಾಗದವೇ ಸಿಪ್ಪೆ ಎದ್ದು ಬರುತ್ತದೆ. ಸ್ಕೇಲು ತೂರಿಸಿ ನಿಧಾನಕ್ಕೆ ಬಿಡಿಸಿದರೆ ಬಿಡುತ್ತದೆ, ಆದರೆ ಎದುರಿಗೆ ಬಸ್ಸಿಗೆ ಹೊತ್ತಾಯಿತು ಅಂತ ಗಿರಾಕಿ ನಿಂತಿರುವಾಗ ಯಾರು ಬಿಡಿಸುತ್ತಾ ಕೂರುತ್ತಾರೆ?

ತಮಾಷೆ ಏನೆಂದರೆ, ತಾನಾಗಿ ಅಷ್ಟು ಗಟ್ಟಿಯಾಗಿ ಅಂಟುವ ಅದೇ ಗೋಂದು ನಾವು ಅಂಟಿಸಿದರೆ ಅಂಟುವುದಿಲ್ಲ. ಒಮ್ಮೆ ತೇವ ಹೀರಿ ಒಣಗಿದ ಮೇಲೆ ಅದರಲ್ಲಿ ಕಸುವು ಉಳಿದಿರುವುದಿಲ್ಲ. ಮೇಲೆ ಫೆವಿಕಾಲ್ ಹಚ್ಚಿದರೆ ಕಾಗದ ಹಪ್ಪಳದ ಹಾಗೆ ಸುಕ್ಕಾಗುತ್ತದೆ, ಜಾಸ್ತಿಯಾದರೆ ಒಳಗೆ ಇಳಿದು ಸರ್ಟಿಫಿಕೇಟಿನ ಅಂಚಿಗೇ ಹತ್ತುತ್ತದೆ. ಸ್ಟೇಪ್ಲರ್ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಪಿನ್ನಿನ ಕಾಲು ಮಾರ್ಕ್ಸ್ ಕಾರ್ಡನ್ನು ಗೀರುತ್ತದೆ, ಇಲ್ಲವೇ ಪೋಸ್ಟಿನವರ ಬೆರಳನ್ನು. ತೆಳು ಸೆಲೋಟೇಪು ಥಂಡಿಗೆ ಮರುದಿನವೇ ಎದ್ದು ಬರುತ್ತದೆ. ಕೊನೆಗೆ ಅಗಲದ ಬ್ರೌನ್ ಟೇಪೇ ಗತಿ, ಆಗ ಅಗ್ಗದ ಕವರ್ ಅಗ್ಗವಾಗಿ ಉಳಿಯುವುದಿಲ್ಲ.

ಮನೆಯಲ್ಲಿ ಇಂಥ ಕವರ್ ಈಗಾಗಲೇ ಇದ್ದರೆ ಬಾಯಿಗಳನ್ನು ಒಳಗೆ ಮಡಚದೆ ಪೂರ್ತಿ ಹೊರಗೆ ಬಿಚ್ಚಿಡಿ, ಸಾಲಾಗಿ ಜೋಡಿಸುವಾಗ ನಡುನಡುವೆ ಒಂದೊಂದು ಬಟರ್ ಪೇಪರ್ ಹಾಕಿ. ನಾನು ನನ್ನವನ್ನು ಯುಪಿಎಸ್ ಪಕ್ಕದ ಶೆಲ್ಫಿಗೆ ಸಾಗಿಸಿದೆ, ಅಲ್ಲಿ ಸ್ವಲ್ಪ ಬಿಸಿ ಇರುತ್ತದೆ. ಅರ್ಧ ಬಚಾವಾದವು.

ಸ್ಟ್ರಿಪ್ ಇರುವ ಕವರಿಗೆ ಇದ್ಯಾವುದೂ ಇಲ್ಲ. ಗಮ್ಮಿನ ಮೇಲೆ ಜಾರುವ ಕಾಗದ ಇರುವುದರಿಂದ ತೇವ ಏನೂ ಮಾಡುವುದಿಲ್ಲ. ಕೀಳು, ಒತ್ತು, ಮುಗಿಯಿತು. ನಮ್ಮ ಕಡೆ ಒಂದಕ್ಕೆ ಎರಡು ಮೂರು ರೂಪಾಯಿ ಜಾಸ್ತಿ ಬೀಳುತ್ತದೆ. ಬೀಳಲಿ.

ಹಸಿರು ಬಟ್ಟೆ ಕವರಿನ ಬಗ್ಗೆ ಜನಕ್ಕೆ ತುಂಬಾ ಗೌರವ. ಒಳಗೆ ಬಟ್ಟೆ ಅಂಟಿಸಿರುವುದರಿಂದ ಹರಿಯುವುದಿಲ್ಲ, ಅದು ನಿಜ. ಕೋರ್ಟು ಕಚೇರಿಯ ದಪ್ಪ ಕಟ್ಟು, ಐವತ್ತು ಅರವತ್ತು ಹಾಳೆ ಇದ್ದರೆ ನಾನೂ ಅದನ್ನೇ ಕೊಡುತ್ತೇನೆ. ಆದರೆ ಹರಿಯದಿರುವುದು ಬೇರೆ, ಮಡಚದಿರುವುದು ಬೇರೆ. ಬಟ್ಟೆ ಕವರ್ ಸಲೀಸಾಗಿ ಮಡಚುತ್ತದೆ. ಒಂದೇ ಮಾರ್ಕ್ಸ್ ಕಾರ್ಡು ಹಾಕಿದರೆ ಚೀಲದೊಳಗೆ ಸುರುಳಿ ಸುತ್ತಿಕೊಂಡೇ ಹೋಗುತ್ತದೆ. ಬಾಯಿಯೂ ದಪ್ಪ, ಅಂಟಿಸಿದ್ದು ಸ್ವಲ್ಪ ಹೊತ್ತಿಗೆ ಮೆಲ್ಲಗೆ ಏಳುತ್ತದೆ.

ಬಬಲ್ ಕವರ್ ಈ ಕೆಲಸಕ್ಕಲ್ಲ. ಗಾಜು, ಮೊಬೈಲ್ ಬಿಡಿಭಾಗ ಕಳಿಸಿ ಅದರಲ್ಲಿ.

ಪ್ಲಾಸ್ಟಿಕ್ ಕೊರಿಯರ್ ಕವರ್ ಮಳೆಗೆ ಎಲ್ಲಕ್ಕಿಂತ ಒಳ್ಳೆಯದು, ಬಾಯಿ ಒಮ್ಮೆ ಅಂಟಿದರೆ ಗುರುತಾಗದ ಹಾಗೆ ಬಿಚ್ಚುವುದು ಕಷ್ಟ. ತೊಂದರೆ ಇರುವುದು ತೆಗೆಯುವವರಿಗೆ. ಅದು ಕೈಗೆ ಹರಿಯುವುದಿಲ್ಲ, ಕತ್ತರಿ ತರುತ್ತಾರೆ, ಅವಸರದಲ್ಲಿ ಕವರಿನ ಜೊತೆ ಸರ್ಟಿಫಿಕೇಟಿನ ಅಂಚನ್ನೂ ಕತ್ತರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅದನ್ನು ಹೊರಗಿನ ಅಂಗಿಯಾಗಿ ಮಾತ್ರ ಬಳಸುತ್ತೇನೆ, ಒಳಗೆ ಅದೇ ಖಾಕಿ ಮತ್ತು ರಟ್ಟು.

ಗಟ್ಟಿ ರಟ್ಟಿನದೇ ಕವರ್ ಕೂಡ ತರಿಸಿದ್ದೆ. ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆದರೆ ಒಂದಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ ಕೊಟ್ಟು ತರಿಸಿದ್ದನ್ನು ನಮ್ಮ ಗಿರಾಕಿಗೆ ಹೇಗೆ ಮಾರುವುದು? ಹಳೇ ಕ್ಯಾಲೆಂಡರಿನ ಹಿಂದಿನ ರಟ್ಟು, ಲೆಟರ್ ಪ್ಯಾಡಿನ ತಳದ ರಟ್ಟು ಬಿಟ್ಟಿ ಸಿಗುವಾಗ ನನಗಂತೂ ಮನಸ್ಸು ಬರುವುದಿಲ್ಲ.

ರಟ್ಟು ಹಾಕಿದರೆ ತೂಕ ಹೆಚ್ಚಿ ಪೋಸ್ಟಿಗೆ ಜಾಸ್ತಿ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಆಗುತ್ತದೆ, ಲೆಕ್ಕ ನೋಡಿ. 80 ಜಿಎಸ್ಎಮ್‌ನ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ಒಂದಕ್ಕೆ 5 ಗ್ರಾಂ, ಆದರೆ ಕವರೂ ರಟ್ಟೂ ಸೇರಿದರೆ 50 ದಾಟಬಹುದು. 2025ರ ಅಕ್ಟೋಬರ್ 1ರಿಂದ ಬಂದ ದರದಲ್ಲಿ ಸ್ಪೀಡ್ ಪೋಸ್ಟಿಗೆ 50 ಗ್ರಾಂವರೆಗೆ ಹೊರ ಊರಿಗೆ 47 ರೂಪಾಯಿ. ಅದು ದಾಟಿದರೆ 250 ಗ್ರಾಂವರೆಗೆ ದೂರ ನೋಡಿ ದರ, ನಮ್ಮಿಂದ ಬೆಂಗಳೂರಿಗೆ 201ರಿಂದ 500 ಕಿ.ಮೀ. ಲೆಕ್ಕದಲ್ಲಿ 63 ರೂಪಾಯಿ. ಎರಡಕ್ಕೂ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ವ್ಯತ್ಯಾಸ ಸುಮಾರು 19 ರೂಪಾಯಿ ಅಷ್ಟೇ. ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡಿಗೆ ಅಲೆಯುವ ಬಸ್ ಚಾರ್ಜು ಯೋಚಿಸಿ. ಇನ್ನೊಂದು, 50 ಗ್ರಾಂ ಹೇಗೂ ದಾಟುವುದಾದರೆ ಒಂದು ರಟ್ಟಿಗೆ ಯಾಕೆ ನಿಲ್ಲಿಸುತ್ತೀರಿ, ಹಿಂದೊಂದು ಮುಂದೊಂದು ಎರಡು ಹಾಕಿ. 250 ಗ್ರಾಂ ತನಕ ದುಡ್ಡು ಅಷ್ಟೇ.

"ರಿಜಿಸ್ಟರ್ ಮಾಡಿಸಬೇಕು" ಅಂತ ಈಗಲೂ ಹಿರಿಯರು ಬರುತ್ತಾರೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನ ಒಳಗೆ ಸೇರಿಹೋಯಿತು. ವಿಳಾಸದಾರರ ಕೈಗೇ ಸೇರಬೇಕು ಅಂದರೆ ಕೌಂಟರಿನಲ್ಲಿ ರಿಜಿಸ್ಟ್ರೇಷನ್ ಬೇಕು ಅಂತ ಬಾಯಿಬಿಟ್ಟು ಹೇಳಿ, 5 ರೂಪಾಯಿ ಮತ್ತು ಜಿಎಸ್‌ಟಿ. ಒರಿಜಿನಲ್ ಕಳಿಸುವಾಗ ನಾನು ಇದನ್ನು ಬಿಡುವುದಿಲ್ಲ.

"ಮಡಚಬೇಡಿ" ಅಂತ ಕವರಿನ ಮೇಲೆ ದಪ್ಪಗೆ ಬರೆಯಿರಿ, ಬೇಡ ಅನ್ನುವುದಿಲ್ಲ, ಆದರೆ ರಟ್ಟು ಇಲ್ಲದ ಕವರಿನ ಮೇಲೆ ಬರೆದು ಪ್ರಯೋಜನ ಕಮ್ಮಿ. ಜೆಲ್ ಪೆನ್ನಿನಲ್ಲಿ ವಿಳಾಸ ಬೇಡ, ಒಂದು ಹನಿಗೆ ಪಿನ್‌ಕೋಡ್ ಹೋಗುತ್ತದೆ. ಮಾರ್ಕರ್ ಆಗಬಹುದು, ಪ್ರಿಂಟ್ ತೆಗೆದು ಅಂಟಿಸಿ ಮೇಲೆ ಟೇಪ್ ಹಾಕಿದರೆ ಇನ್ನೂ ಒಳ್ಳೆಯದು. ಒಳಗೂ ಒಂದು ಚೀಟಿಯಲ್ಲಿ ಎರಡೂ ಕಡೆಯ ವಿಳಾಸ, ಫೋನ್ ನಂಬರ್ ಹಾಕಿಡಿ.

ಸಿ4ಗೆ ಬಗ್ಗದ ಗಿರಾಕಿ ಎರಡು ತರ. ಒಂದು, 14 ಇಂಚಿನ ಲೀಗಲ್ ಹಾಳೆಯ ಹಳೇ ಕ್ರಯಪತ್ರ. ಇನ್ನೊಂದು, ಯೂನಿವರ್ಸಿಟಿಯವರೇ ಅಂಟಿಸಿ, ಬಾಯಿಯ ಮೇಲೆ ಸಹಿ ಸೀಲು ಹಾಕಿ ಕೊಡುವ ಟ್ರಾನ್ಸ್‌ಕ್ರಿಪ್ಟ್. ಓದಿದ ವಿಷಯ, ಅಂಕಗಳ ಪೂರ್ತಿ ಪಟ್ಟಿ, ಕೆನಡಾಕ್ಕೆ ಹೋಗುವ ಹುಡುಗರು ತರುತ್ತಾರಲ್ಲ, ಅದು. ಅದನ್ನು ಬಿಚ್ಚುವ ಹಾಗಿಲ್ಲ, ಕವರ್ ಸಮೇತ ಇನ್ನೊಂದು ಕವರಿಗೆ ಹೋಗಬೇಕು. ಎರಡಕ್ಕೂ 12×16 ಇಂಚಿನ ಖಾಕಿ ಕವರ್ ತೆಗೆದುಕೊಳ್ಳಿ, ರಟ್ಟನ್ನು ಕವರಿನ ಅಳತೆಗೇ ಕತ್ತರಿಸಿ, ಹಾಳೆಯ ಅಳತೆಗಲ್ಲ. ಇಲ್ಲದಿದ್ದರೆ ಒಳಗಿನದು ಅತ್ತಿತ್ತ ಜಾರಿ ಮೂಲೆ ಕುಟ್ಟಿಕೊಳ್ಳುತ್ತದೆ.