ಕುಂಬಳಕಾಯಿ ಹೋಗಿ ಕುಂಬಳೆಕಾಯಿ ಆಯ್ತು: ಸೆಡ್ ಬಳಸುವ ಕನ್ನಡಿಗರಿಗೆ ಒಂದು ಎಚ್ಚರಿಕೆ

ಕಳೆದ ಮಳೆಗಾಲದಲ್ಲಿ ಒಂದೇ ರಾತ್ರಿ ಮುನ್ನೂರಕ್ಕೆ ಹತ್ತಿರ ಫೈಲು ಹಾಳು ಮಾಡಿದೆ. ಕರೆಂಟು ಸರಿಯಾಗೇ ಇತ್ತು. ಲ್ಯಾಪ್‌ಟಾಪೂ ಸರಿಯಿತ್ತು. ಹಾಳು ಮಾಡಿದ್ದು ನಾನು ಟೈಪ್ ಮಾಡಿದ ಒಂದು ಸಾಲು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಊರಿನ ವಾಚನಾಲಯದಲ್ಲಿ ಹಳೆಯ ಸ್ಮರಣ ಸಂಚಿಕೆಗಳು, ಶಾಲೆಯ ವಾರ್ಷಿಕ ಪುಸ್ತಕಗಳು, ತಾಳಮದ್ದಳೆಯ ಕರಪತ್ರಗಳು ಗೆದ್ದಲು ಹಿಡಿಯುತ್ತಾ ಬಿದ್ದಿದ್ದವು. ಆರು ಜನ ಸೇರಿ ಒಂದು ವರ್ಷ ಕೂತು ಟೈಪ್ ಮಾಡಿದೆವು. ಒಟ್ಟು 412 ಫೈಲು. ಎಲ್ಲವೂ ಸಾದಾ ಟೆಕ್ಸ್ಟ್. ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ, ಹಾಗಾಗಿ ಕೊನೆಗೆ ಎಲ್ಲ ನನ್ನ ತಲೆಗೆ ಬಂತು.

ತೊಂದರೆ ಊರ ಹೆಸರುಗಳದ್ದು. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅಲ್ಲಿಂದ ಮೂರು ತಲೆಮಾರು ಬಸ್ಸಿನ ಬೋರ್ಡಿನಲ್ಲಿ ಒಂದು ಓದಿ, ಮನೆಯಲ್ಲಿ ಇನ್ನೊಂದು ಹೇಳಿ ಬೆಳೆದಿದೆ. ಟೈಪ್ ಮಾಡಿದ ಮಕ್ಕಳು ಕಿವಿಗೆ ಬಿದ್ದಂತೆ ಬರೆದಿದ್ದರು. ಒಬ್ಬಳದ್ದು ಕುಂಬಳೆ, ಇನ್ನೊಬ್ಬನದ್ದು ಕುಂಬಳ. ಮಂಜೇಶ್ವರ ಕೆಲವು ಕಡೆ ಮಂಜೇಶ್ವರಂ ಆಗಿತ್ತು. ಕೋಟೆಯ ಊರು ಬೇಕಲ ಹೆಚ್ಚಿನ ಕಡೆ ಬೇಕಲ್. ಊರ ಹೆಸರಿನ ವಿಷಯದಲ್ಲಿ ನಮ್ಮವರು ಎಷ್ಟು ಸೂಕ್ಷ್ಮ ಅಂತ, ಇಲ್ಲಿನ ಊರುಗಳ ಕನ್ನಡ ಹೆಸರನ್ನು ಮಲಯಾಳಕ್ಕೆ ಬದಲಾಯಿಸುತ್ತಾರೆ ಅನ್ನುವ 2021ರ ಗಲಾಟೆ ನೆನಪಿರುವವರಿಗೆ ಹೇಳಬೇಕಾಗಿಲ್ಲ. ಪ್ರೂಫ್ ನೋಡುವ ನಿವೃತ್ತ ಮಾಷ್ಟ್ರು ಮೊದಲ ದಿನವೇ ಹೇಳಿದ್ದರು: "ಬೇರೆ ತಪ್ಪು ಇರಲಿ, ಊರ ಹೆಸರು ತಪ್ಪಿದರೆ ನಾನು ಮುಟ್ಟುವುದಿಲ್ಲ."

ಒಂದೊಂದು ಫೈಲು ತೆರೆದು ತಿದ್ದುವುದು ಯಾರಿಗೆ ಬೇಕು? ಸೆಡ್ ಇದೆಯಲ್ಲ. ಬೆಲ್ ಲ್ಯಾಬ್ಸಿನಲ್ಲಿ 1970ರ ದಶಕದಲ್ಲಿ ಹುಟ್ಟಿದ, ಫೈಲಿನೊಳಗಿನ ಪದಗಳನ್ನು ಒಂದೇ ಆಜ್ಞೆಗೆ ಬದಲಾಯಿಸುವ ಉಪಕರಣ, ಇವತ್ತಿಗೂ ಎಲ್ಲ ಲಿನಕ್ಸಿನಲ್ಲಿ ಬರುತ್ತದೆ. ಗ್ರೆಪ್‌ಗೆ ಮೈನಸ್ ಆರ್ಎಲ್ ಕೊಟ್ಟರೆ ಆ ಪದ ಇರುವ ಫೈಲುಗಳ ಪಟ್ಟಿ ಬರುತ್ತದೆ. ಅದನ್ನು ಎಕ್ಸ್‌ಆರ್ಗ್ಸ್ ಮೂಲಕ ಸೆಡ್ ಮೈನಸ್ ಐಗೆ ದಾಟಿಸಿದರೆ ಎಲ್ಲದರಲ್ಲೂ ಬದಲಾಗುತ್ತದೆ. (ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.)

ರಾತ್ರಿ ಹನ್ನೊಂದಕ್ಕೆ ಕೂತೆ. ಮಂಜೇಶ್ವರಂ ಇದ್ದದ್ದನ್ನು ಮಂಜೇಶ್ವರ ಮಾಡಿದೆ. ಎರಡೇ ಸೆಕೆಂಡು. ಎರಡು ಫೈಲು ತೆರೆದು ನೋಡಿದೆ, ಚೆನ್ನಾಗಿತ್ತು. ಈ ಮೊದಲ ಗೆಲುವೇ ನನ್ನನ್ನು ಕೆಡಿಸಿದ್ದು.

ಮುಂದೆ ಕುಂಬಳ. ಡಾಟ್ ಟಿಎಕ್ಸ್‌ಟಿ ಫೈಲುಗಳನ್ನು ಮಾತ್ರ ನೋಡಲು ಹೇಳಿದ್ದೆ. ಗ್ರೆಪ್ ಹೇಳಿತು, 296 ಫೈಲಿನಲ್ಲಿ ಇದೆ. ಸಂಖ್ಯೆ ನೋಡಿದೆ, ಸಾಲು ನೋಡಲಿಲ್ಲ. ಹುಷಾರಾಗಿರಲಿ ಅಂತ ಮೈನಸ್ ಐಗೆ ಅಂಟಿಸಿ 'ಡಾಟ್ ಬ್ಯಾಕ್' ಅಂತಲೂ ಕೊಟ್ಟಿದ್ದೆ. ಹಾಗೆ ಕೊಟ್ಟರೆ ಪ್ರತಿ ಫೈಲಿನ ಹಳೆಯ ಪ್ರತಿ ಪಕ್ಕದಲ್ಲಿ ಉಳಿಯುತ್ತದೆ. ಕುಂಬಳ ಇದ್ದಲ್ಲೆಲ್ಲ ಕುಂಬಳೆ ಮಾಡು ಅಂದೆ. ಮಾಡಿತು. ಸರಿಯಾಯಿತಾ ಅಂತ ಮತ್ತೆ ಗ್ರೆಪ್ ಹಾಕಿದೆ. ಅದೇ 296! ಒಂದೂ ಕಮ್ಮಿ ಆಗಿರಲಿಲ್ಲ.

ಆಜ್ಞೆ ಓಡಿಯೇ ಇಲ್ಲ ಅಂದುಕೊಂಡೆ. ಮೇಲಿನ ಬಾಣದ ಕೀಲಿ ಒತ್ತಿ ಅದನ್ನೇ ಇನ್ನೊಮ್ಮೆ ಓಡಿಸಿದೆ.

ಆದದ್ದು ಇಷ್ಟೇ. ನಮ್ಮ ಕಣ್ಣಿಗೆ 'ಳೆ' ಒಂದು ಅಕ್ಷರ. ಕಂಪ್ಯೂಟರಿಗೆ ಅದು ಎರಡು: ಮೊದಲು ಳ, ಅದರ ಹಿಂದೆ ಎತ್ವದ ಗುರುತು. ಹಾಗಾಗಿ ಕುಂಬಳೆ ಅನ್ನುವ ಪದದ ಹೊಟ್ಟೆಯಲ್ಲಿ ಕುಂಬಳ ಪೂರ್ತಿಯಾಗಿ ಇದೆ. ಬದಲಾಯಿಸಿದ ಮೇಲೂ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಮೊದಲೇ ಸರಿಯಿದ್ದ ಕುಂಬಳೆಗೆ ಮೊದಲ ಸಲ ಇನ್ನೊಂದು ಎತ್ವ ಬಿತ್ತು, ಎರಡನೇ ಸಲ ಮತ್ತೊಂದು. ಆಜ್ಞೆ ಟೈಪ್ ಮಾಡುವ ನನ್ನ ಟರ್ಮಿನಲ್ಲಿನಲ್ಲಿ ಕನ್ನಡ ಒಡೆದು ಒಡೆದು ಕಾಣುತ್ತದೆ, ಅದರಲ್ಲಿ ಎತ್ವ ಒಂದೋ ಮೂರೋ ಯಾರಿಗೆ ಗೊತ್ತಾಗಬೇಕು. ಎರಡನೇ ಸಲ ಓಡಿಸಿದಾಗ ಬ್ಯಾಕಪ್ ಫೈಲುಗಳ ಮೇಲೆ, ಅದಾಗಲೇ ಹಾಳಾಗಿದ್ದ ಪ್ರತಿ ಬಂದು ಕೂತಿತು. ಅದಕ್ಕೆ ಸೆಡ್ ಏನೂ ಹೇಳುವುದಿಲ್ಲ, ಕೇಳುವುದೂ ಇಲ್ಲ.

ನಂತರ ಬೇಕಲ್. ಒಂದೇ ಸಲ ಓಡಿಸಿದೆ, ಬೇಕಲ ಮಾಡಿದೆ. ಈ ಸಲ ಡಾಟ್ ಬ್ಯಾಕ್ ಕೊಡಲಿಲ್ಲ, ಮೊದಲಿನದ್ದು ಇದೆಯಲ್ಲ ಅಂತ. ಅಷ್ಟಕ್ಕೇ ನಿಲ್ಲಿಸಿದ್ದರೆ ಬೇಕಲ್‌ನ ಹಳೆಯ ರೂಪ ಆ ಬ್ಯಾಕಪ್ಪಿನಲ್ಲಿ ಹೆಚ್ಚುಕಮ್ಮಿ ಉಳಿಯುತ್ತಿತ್ತು. ಆದರೆ ಕೆಲಸ ಮುಗಿಯಿತು ಅನ್ನುವ ಖುಷಿಯಲ್ಲಿ, ಫೋಲ್ಡರ್ ಗಲೀಜು ಕಾಣುತ್ತದೆ ಅಂತ, ಡಾಟ್ ಬ್ಯಾಕ್ ಎಲ್ಲ ಅಳಿಸಿ ಮಲಗಿದೆ. ಆರ್‌ಎಂ ಆಜ್ಞೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.

ನಾಲ್ಕನೇ ದಿನ ಮಾಷ್ಟ್ರ ಫೋನು. "ಮಾರಾಯ, ಈ ಕುಂಬಳೆಕಾಯಿ ಯಾವ ತರಕಾರಿ? ಕುಂಬಳೆಯಲ್ಲಿ ಮಾತ್ರ ಬೆಳೆಯುವುದೋ? ಮಧ್ಯದಲ್ಲಿ ಚುಕ್ಕೆ ಚುಕ್ಕೆಯ ಸೊನ್ನೆ ಬೇರೆ ಉಂಟು."

ಅವರು ನೋಡುತ್ತಿದ್ದದ್ದು ಗಾದೆಗಳ ಫೈಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ. ವಾಟ್ಸಾಪ್ ಗುಂಪಿನಲ್ಲಿ ಯಾರು ಹೀಗೆ ಟೈಪ್ ಮಾಡಿದ್ದು ಅಂತ ಚರ್ಚೆ ಶುರುವಾಗಿತ್ತು, ಪಾಪ ಒಬ್ಬ ಹುಡುಗನ ಮೇಲೆ ಗುಮಾನಿ. ನಾನು ಆಗಲೇ ಹೆಗಲು ಮುಟ್ಟಿ ನೋಡಿಕೊಂಡಿದ್ದೆ.

ಕೂತು ನೋಡಿದರೆ ಒಂದೇ ಎರಡೇ. ಕುಂಬಳದಲ್ಲಿ ಅಂತ ಇದ್ದದ್ದು ಕುಂಬಳೆಯಲ್ಲಿ ಆಗುವ ಬದಲು ಕುಂಬಳೆದಲ್ಲಿ ಆಗಿತ್ತು. ಬೇಕಲ್ ಇನ್ನೂ ಕಷ್ಟ. ಹಳೆಯ ಲೇಖನವೊಂದರಲ್ಲಿ "ನಮಗೂ ಒಂದು ರಸ್ತೆ ಬೇಕಲ್ಲ" ಅಂತ ಇದ್ದದ್ದು "ರಸ್ತೆ ಬೇಕಲಲ" ಆಗಿತ್ತು. ಬೇಕಲ್ವಾ ಇದ್ದದ್ದು ಬೇಕಲವಾ. ಬೇಕು ಅನ್ನುವ ಪದದೊಳಗೆ ಒಂದು ಕೋಟೆ ಅಡಗಿ ಕೂತಿದೆ ಅಂತ ಹುಟ್ಟಿದಾಗಿನಿಂದ ಕಾಸರಗೋಡಿನಲ್ಲಿರುವ ನನಗೆ ಹೊಳೆದಿರಲಿಲ್ಲ! ರೈಲು ನಿಲ್ದಾಣದ ಹೆಸರು ಬೇಕಲ್ ಫೋರ್ಟ್ ಅಂತಲೇ ಇರಬೇಕಿತ್ತು, ಅದೂ ಹೋಯಿತು. ತಮ್ಮ ಹೆಸರಿನ ಕೊನೆಗೆ ಬೇಕಲ್ ಅಂತ ಬರೆದುಕೊಳ್ಳುವವರ ಹೆಸರನ್ನೂ ನಾನು ತಿದ್ದಿ ಕೊಟ್ಟಿದ್ದೆ.

ಸರಿಪಡಿಸುವಾಗ ಒಂದು ಆಶ್ಚರ್ಯ. ಕುಂಬಳೆಯ ಹಾನಿ ಪೂರ್ತಿ ಸರಿಹೋಯಿತು. ಎರಡು ಸಲ ಓಡಿಸಿದ್ದಕ್ಕೆ ಪ್ರತಿಯೊಂದಕ್ಕೂ ಸರಿಯಾಗಿ ಎರಡೆರಡು ಎತ್ವ ಹೆಚ್ಚಾಗಿತ್ತು. ಆ ಎರಡನ್ನು ತೆಗೆ ಅಂದರೆ ಕುಂಬಳೆ ಕುಂಬಳೆಯಾಗಿ, ಕುಂಬಳಕಾಯಿ ಕುಂಬಳಕಾಯಿಯಾಗಿ ನಿಂತಿತು. ಬೇಕಲ್ ಹಾಗಲ್ಲ. ಮೊದಲೇ ಬೇಕಲ ಇದ್ದದ್ದು, ನಾನು ಬೇಕಲ ಮಾಡಿದ್ದು ಎರಡೂ ಈಗ ಒಂದೇ. ಬೇಕಲಲ ಕಂಡಲ್ಲೆಲ್ಲ ಬೇಕಲ್ಲ ಮಾಡೋಣ ಅಂದರೆ, "ಬೇಕಲಲ್ಲಿ" ಅಂತ ಸರಿಯಾಗಿಯೇ ಬರೆದವರೂ ಇದ್ದರು. ಮಾಷ್ಟ್ರ ಪೆನ್‌ಡ್ರೈವಿನಲ್ಲಿ ಮೂರು ವಾರದ ಹಿಂದಿನ ಪ್ರತಿ ಸಿಕ್ಕಿದ್ದಕ್ಕೆ ಬಚಾವಾದೆ. ಡಿಫ್ ಹಾಕಿ ಸಾಲು ಸಾಲು ಹೋಲಿಸಿ ಎಂಟು ಸಂಜೆ ತಿದ್ದಿದೆ.

ನೆಟ್ಟಿನಲ್ಲಿ ಇದಕ್ಕೆ ಸಿಗುವ ಸಲಹೆ, ಪದದ ಗಡಿ ಗುರುತು ಹಾಕಿ, ಇಡೀ ಪದ ಮಾತ್ರ ಬದಲಾಗುತ್ತದೆ ಅಂತ. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಇಡೀ ಪದ ಒಂಟಿಯಾಗಿ ಸಿಗುವುದು ಎಲ್ಲಿ? ಕುಂಬಳಕ್ಕೆ, ಕುಂಬಳದಿಂದ, ಕುಂಬಳದವರು. ಗಡಿ ಹಾಕಿದರೆ ಇವೆಲ್ಲ ತಪ್ಪಿಹೋಗುತ್ತವೆ, ಹಾಕದಿದ್ದರೆ ಕುಂಬಳಕಾಯಿ ಒಳಗೆ ಬರುತ್ತದೆ.

ನಾನು ಈಗ ಮಾಡುವುದು ಹೀಗೆ. ಗ್ರೆಪ್‌ಗೆ ಮೈನಸ್ ಆರ್ ಜೊತೆ ಮೈನಸ್ ಓ, ಮೈನಸ್ ಎಚ್ ಕೊಟ್ಟು, ಕುಂಬಳದಿಂದ ಶುರುವಾಗಿ ಮುಂದಿನ ಖಾಲಿ ಜಾಗದವರೆಗೆ ಏನಿದೆಯೋ ಅದಷ್ಟನ್ನೇ ಹೊರಗೆ ತೆಗೆಯುತ್ತೇನೆ. ಅದನ್ನು ಸಾರ್ಟ್‌ಗೆ, ಆಮೇಲೆ ಯುನಿಕ್ ಮೈನಸ್ ಸಿಗೆ ಕೊಟ್ಟರೆ ಯಾವ ರೂಪ ಎಷ್ಟು ಸಲ ಬಂದಿದೆ ಅಂತ ಪಟ್ಟಿ ಸಿಗುತ್ತದೆ. ನಮ್ಮ 412 ಫೈಲಿಗೆ ಆ ಪಟ್ಟಿ ಒಂದು ಪುಟ ದಾಟಲಿಲ್ಲ. ಅವತ್ತು ರಾತ್ರಿ ಇದನ್ನು ನೋಡಿದ್ದರೆ ಕುಂಬಳಕಾಯಿ ಮೂರನೇ ಸಾಲಿನಲ್ಲೇ ಕಾಣುತ್ತಿತ್ತು. ಬದಲಾಗಬೇಕಾದ ರೂಪಗಳನ್ನು ಮಾತ್ರ ಒಂದೊಂದು ಸಾಲಾಗಿ ಬೇರೆ ಫೈಲಿನಲ್ಲಿ ಬರೆದು ಸೆಡ್‌ಗೆ ಮೈನಸ್ ಎಫ್ ಮೂಲಕ ಕೊಡುತ್ತೇನೆ. ಅದೂ ಮೂಲದ ಮೇಲಲ್ಲ, ಫೋಲ್ಡರಿನ ನಕಲಿನ ಮೇಲೆ. ಎರಡನ್ನೂ ಡಿಫ್‌ನಲ್ಲಿ ನೋಡಿದ ಮೇಲೆಯೇ ನಕಲು ಮೂಲವಾಗುತ್ತದೆ. ಈಗ ಹಳೆಯ ಪ್ರತಿಗಳನ್ನೆಲ್ಲ ಉಳಿಸಿಡುವ ಗಿಟ್ ಕೂಡ ಹಾಕಿದ್ದೇನೆ. ಆದರೆ ಗಿಟ್ ಇರುವ ಫೋಲ್ಡರಿನಲ್ಲಿ ಫೈಂಡ್ ಬಳಸಿ ಎಲ್ಲ ಫೈಲಿಗೂ ಸೆಡ್ ಬಿಡಬೇಡಿ. ಗಿಟ್ಟಿನ ಒಳಗಿನ ಅಡಗಿದ ಫೈಲುಗಳಿಗೂ ಅದು ಕೈ ಹಾಕುತ್ತದೆ, ಕಾಪಾಡಬೇಕಾದದ್ದೇ ಕೆಡುತ್ತದೆ.

ಇನ್ನೆರಡು ಹೊಂಡಗಳಿವೆ. ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಎಕ್ಸ್‌ಆರ್ಗ್ಸ್ ಅದನ್ನು ತುಂಡು ಮಾಡುತ್ತದೆ. "ಕುಂಬಳೆ ಸೀಮೆ 2" ಅನ್ನುವ ಫೈಲು ಅದಕ್ಕೆ ಮೂರು ಫೈಲು. ನನ್ನಲ್ಲಿ ಹೀಗೆ 17 ಫೈಲು ತಪ್ಪಿಹೋಗಿತ್ತು. ಅವು ಬಚಾವಾದವು ಅನ್ನಿ. ಗ್ರೆಪ್‌ಗೆ ಮೈನಸ್ ದೊಡ್ಡ ಝಡ್, ಎಕ್ಸ್‌ಆರ್ಗ್ಸ್‌ಗೆ ಮೈನಸ್ ಸೊನ್ನೆ ಕೊಟ್ಟರೆ ಈ ತೊಂದರೆ ಇಲ್ಲ.

ಎರಡನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಬೇಕಲ್‌ಗೆ ಅಂತ ಬರೆಯುವಾಗ ಗೆ ಒತ್ತಕ್ಷರ ಆಗದಂತೆ ಮಧ್ಯೆ ಒಂದು ಅದೃಶ್ಯ ಅಕ್ಷರ ಇರುತ್ತದೆ. ಬದಲಾಯಿಸಿದ ಮೇಲೂ ಅದು ಅಲ್ಲೇ ಕೂತಿರುತ್ತದೆ, ಮುಂದೆ ಹುಡುಕಿದರೆ ಪದ ಸಿಗುವುದಿಲ್ಲ. ಹಾಗೆಯೇ 'ಬೇ'ಯ ಏತ್ವವನ್ನು ಒಂದೇ ಗುರುತಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿಯೂ ಇಡಬಹುದು. ನೋಡಲು ಎರಡೂ ಒಂದೇ ಥರ. ಗ್ರೆಪ್‌ಗೆ ಬೇರೆ ಬೇರೆ. ಹುಡುಕುವ ಮೊದಲು ಎಲ್ಲ ಫೈಲನ್ನೂ ಒಂದೇ ರೂಪಕ್ಕೆ ತರಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯೂನಿಕೋಡ್‌ಡೇಟಾದಲ್ಲಿ ಎನ್‌ಎಫ್‌ಸಿ ಅಂತ ಕೊಟ್ಟರೆ ಏತ್ವದ್ದು ಸರಿಯಾಗುತ್ತದೆ, ಅದೃಶ್ಯ ಅಕ್ಷರ ಮಾತ್ರ ಇದರಿಂದ ಹೋಗುವುದಿಲ್ಲ.

ಮೊನ್ನೆ 1984ರ ಸಂಚಿಕೆ, ಕಾಸರಗೋಡು ಜಿಲ್ಲೆಯಾದ ವರ್ಷದ್ದು, ಮುದ್ರಣಕ್ಕೆ ಕೊಡುವ ಮೊದಲು ಮಾಷ್ಟ್ರು ಒಂದು ಪುಟದ ಫೋಟೋ ಕಳಿಸಿದರು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ ಒಂದು ಪದ: ಬೇಕಲಲವೇ. ಕೆಳಗೆ "ಇನ್ನೂ ಬೇಕಲ್ಲವೇ?" ಅಂತ ಬರೆದಿದ್ದರು. ಕೈಯಲ್ಲೇ ತಿದ್ದಿದೆ.