ಭೂಕಂಪನ ಪೆಟ್ಟಿಗೆಗೆ ಬಜರ್ ಕಟ್ಟಬೇಡಿ

ಕಳೆದ ಜನವರಿಯಲ್ಲಿ ನಮ್ಮೂರಿನ ಅರ್ಧದಷ್ಟು ಜನ ಒಂದು ರಾತ್ರಿಯಿಡೀ ಹನುಮಪ್ಪನ ಗುಡಿಯ ಮುಂದೆ ಕಂಬಳಿ ಹೊದ್ದು ಕುಳಿತಿದ್ದರು. ಒಬ್ಬ ಅಜ್ಜಿ ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಜಾರಿಬಿದ್ದು ಮುಂಗೈ ಮುರಿದುಕೊಂಡರು. ಆ ರಾತ್ರಿ ಭೂಮಿ ಎಳ್ಳಷ್ಟೂ ಅಲುಗಿರಲಿಲ್ಲ. ಅಲುಗಿದ್ದು ನಾನು ಮಕ್ಕಳ ಜೊತೆ ಕೂತು ಕಿಟ್ ಒಂದರಿಂದ ಜೋಡಿಸಿದ ಭೂಕಂಪನ ಮಾಪಕ ಪೆಟ್ಟಿಗೆಯ ಗೆರೆ. ಅದೇ ಕಿಟ್ ಈಗಲೂ ವಿಜ್ಞಾನ ವಸ್ತುಪ್ರದರ್ಶನದ ಹೆಸರಿನಲ್ಲಿ ಶಾಲೆಗಳಿಗೆ ಮಾರಾಟವಾಗುತ್ತಿರುವುದರಿಂದ ಇಷ್ಟು ಬರೆಯುತ್ತಿದ್ದೇನೆ.

ನಾನು ಬಸವನ ಬಾಗೇವಾಡಿ ಕಡೆಯ ಒಂದು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ವಿಜಯಪುರ ಜಿಲ್ಲೆಯವರಿಗೆ ಭೂಕಂಪನ ಪಠ್ಯಪುಸ್ತಕದ ಮಾತಲ್ಲ. 2021ರಿಂದ ಈಚೆಗೆ ಸಣ್ಣಪುಟ್ಟ ಕಂಪನಗಳು ಆಗಾಗ ಆಗುತ್ತಲೇ ಇವೆ. 2022ರ ಜುಲೈ 9ರ ಬೆಳಿಗ್ಗೆ ಆದದ್ದು 4ಕ್ಕಿಂತ ಹೆಚ್ಚಿನ ತೀವ್ರತೆಯದು. ಅಡುಗೆಮನೆಯ ಪಾತ್ರೆಗಳ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹಿರಿಯರಿಗಂತೂ ಭೂಕಂಪ ಎಂದರೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಜನ ಮಲಗಿದ್ದಲ್ಲೇ ಲಾತೂರ್ ಸೀಮೆಯ ಕಲ್ಲುಮಣ್ಣಿನ ಮನೆಗಳು ಕುಸಿದದ್ದನ್ನು ಅವರು ಮರೆತಿಲ್ಲ. ನಮ್ಮ ಊರಿನ ಹಳೆಯ ಮನೆಗಳೂ ಅದೇ ತೆರನಾದವು. ಇಂಥ ಊರಿನಲ್ಲಿ ‘ಭೂಕಂಪ ಬಂತು’ ಎಂಬ ಮಾತಿಗೆ ಎಷ್ಟು ಭಾರವಿದೆ ಎಂಬುದು ನನಗೆ ಗೊತ್ತಿರಬೇಕಿತ್ತು.

ವಸ್ತುಪ್ರದರ್ಶನಕ್ಕೆ ಮಕ್ಕಳೇ ಭೂಕಂಪನ ಮಾಪಕ ಮಾಡೋಣ ಎಂದರು. ಆನ್‌ಲೈನಿನಲ್ಲಿ ಹುಡುಕಿದೆ. ‘ಭೂಕಂಪ ಮುನ್ನೆಚ್ಚರಿಕೆ ಕಿಟ್, ಶಾಲೆಗಳಿಗೆ’ ಎಂದಿತ್ತು. ಬೆಲೆ 2,400 ರೂಪಾಯಿ. ಪ್ರೋಗ್ರಾಮು ತುಂಬಿ ಓಡಿಸುವ ಒಂದು ಪುಟ್ಟ ಆರ್ಡುಯಿನೊ ಬೋರ್ಡು, ಎಡಿಎಕ್ಸ್‌ಎಲ್335 ಎಂಬ ವೇಗೋತ್ಕರ್ಷ ಅಳೆಯುವ ಸೆನ್ಸರ್, ಬ್ರೆಡ್‌ಬೋರ್ಡು, ಅದರಲ್ಲಿ ಚುಚ್ಚಿ ಜೋಡಿಸಲು ಒಂದು ಹಿಡಿ ಜಂಪರ್ ತಂತಿ, ಒಂದು ಬಜರ್. ಪ್ರೋಗ್ರಾಮನ್ನೂ ಅವರೇ ಕೊಟ್ಟಿದ್ದರು. ಅರ್ಧ ಗಂಟೆಯಲ್ಲಿ ಜೋಡಿಸಿ ಮುಗಿಸಿದೆವು. ಮೇಜು ಗುದ್ದಿದರೆ ಪರದೆಯ ಮೇಲೆ ಗೆರೆ ಜಿಗಿಯುತ್ತಿತ್ತು, ಬಜರ್ ಕಿರುಚುತ್ತಿತ್ತು. ಮಕ್ಕಳು ಕುಣಿದಾಡಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಐವರು ಮಕ್ಕಳು ಸಂಜೆ ಏಳರವರೆಗೂ ಪ್ರಯೋಗಾಲಯದಲ್ಲಿದ್ದರು. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುತ್ತಾ ಬಂತು. ಚಾರ್ಜರ್ ಸಿಕ್ಕಿಸಿದ್ದು ನಾನೇ. ಗೆರೆ ನಿಧಾನವಾಗಿ ಏಳತೊಡಗಿತು, ಇಳಿಯತೊಡಗಿತು. ಸೆಕೆಂಡಿಗೊಂದು ಅಲೆ, ನುಣುಪಾಗಿ, ಒಂದೇ ಸಮನೆ. ಯಾರೂ ಮೇಜು ಮುಟ್ಟಿರಲಿಲ್ಲ. ಬಜರ್ ಬಿಟ್ಟುಬಿಟ್ಟು ಕೂಗತೊಡಗಿತು. ಒಬ್ಬ ಹುಡುಗನನ್ನು ಕರೆದೊಯ್ಯಲು ಬಂದಿದ್ದ ಅವನ ಅಣ್ಣ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಹತ್ತು ನಿಮಿಷದೊಳಗೆ ಪಂಚಾಯಿತಿ ಸದಸ್ಯರೊಬ್ಬರ ಫೋನ್ ಬಂತು.

“ಮಾಸ್ತರೇ, ಇದು ಖರೆಯೇ?”

“ಯಂತ್ರದಲ್ಲಿ ಕಾಣುತ್ತಿದೆ. ಎಚ್ಚರದಿಂದ ಇರುವುದು ಒಳ್ಳೆಯದು” ಎಂದುಬಿಟ್ಟೆ.

ಈ ಒಂದು ಮಾತಿಗೆ ನಾನು ಯಾರನ್ನೂ ದೂರುವಂತಿಲ್ಲ. ಗೆರೆ ಸುಳ್ಳು ಹೇಳೀತು ಎಂದು ನನಗೆ ಹೊಳೆಯಲೇ ಇಲ್ಲ. ‘ಮಾಸ್ತರೇ ಹೇಳಿದ್ದಾರೆ’ ಎಂಬ ಒಕ್ಕಣೆಯೊಂದಿಗೆ ಸುದ್ದಿ ಪಕ್ಕದ ಎರಡು ಹಳ್ಳಿಗಳಿಗೂ ಹೋಯಿತು. ಮರುದಿನ ತಾಲ್ಲೂಕು ಕಚೇರಿಯಿಂದ ವಿಚಾರಣೆ ಬಂತು. ಅದರ ವಿವರ ಬೇಡ, ಅನ್ನಿಸಿಕೊಳ್ಳಬೇಕಾದದ್ದನ್ನೆಲ್ಲ ಅನ್ನಿಸಿಕೊಂಡೆ. ರಾಷ್ಟ್ರೀಯ ಭೂಕಂಪನ ವಿಜ್ಞಾನ ಕೇಂದ್ರದ ಪಟ್ಟಿಯಲ್ಲಿ ಆ ಸಂಜೆ ನಮ್ಮ ಕಡೆಯ ಒಂದು ಕಂಪನವೂ ಇರಲಿಲ್ಲ.

ಬೆಳಿಗ್ಗೆ ಅದೇ ಮಕ್ಕಳನ್ನು ಕೂರಿಸಿಕೊಂಡು ಪೆಟ್ಟಿಗೆ ತೆರೆದೆ. ಚಾರ್ಜರ್ ಹಾಕಿದೆವು, ಅಲೆ ಬಂತು. ತೆಗೆದೆವು, ಹೋಯಿತು. ಮತ್ತೆ ಹಾಕಿ, ಸೆನ್ಸರಿಗೆ ಹೋಗುವ ಹಳದಿ ತಂತಿಯನ್ನು ಕಿತ್ತು ಅದರ ತುದಿಯನ್ನು ಗಾಳಿಯಲ್ಲಿ ಹಿಡಿದೆ. ಭೂಕಂಪ ನಿಲ್ಲಲಿಲ್ಲ, ಇನ್ನೂ ಜೋರಾಯಿತು! ಸೆನ್ಸರ್ ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಬರಿಯ ತಂತಿ ಊರನ್ನು ನಡುಗಿಸುತ್ತಿತ್ತು. “ಸರ್, ಇದು ಕರೆಂಟು” ಎಂದಳು ಒಂಬತ್ತನೆಯ ತರಗತಿಯ ಹುಡುಗಿ. ಅವಳ ತಂದೆ ಮೋಟಾರ್ ರಿವೈಂಡಿಂಗ್ ಮಾಡುವವರು.

ಹೌದು, ಕರೆಂಟೇ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ನಮ್ಮ ಸಾಕೆಟ್ಟಿನಲ್ಲಿ ಅರ್ಥಿಂಗ್ ಇರಲಿಲ್ಲ, ಜಂಪರ್ ತಂತಿಯೂ ಸಡಿಲವಾಗಿತ್ತು. ಚಾರ್ಜರಿನ ಮೂಲಕ ಆ ಗುಂಯ್‌ಗುಡುವಿಕೆ ತಂತಿಗೆ ಹತ್ತಿತ್ತು. ಆದರೆ ಅದು ಸೆಕೆಂಡಿಗೆ 50ರ ಬದಲು ಒಂದೇ ಅಲೆಯಾಗಿ ಕಂಡದ್ದೇಕೆ? ಕಿಟ್ಟಿನ ಪ್ರೋಗ್ರಾಮು ಪ್ರತಿ ಓದಿನ ನಂತರ 20 ಮಿಲಿಸೆಕೆಂಡು ಸುಮ್ಮನಿರುತ್ತಿತ್ತು. ಓದುವ, ಕಳಿಸುವ ಹೊತ್ತೂ ಸೇರಿ ಸೆಕೆಂಡಿಗೆ ಸುಮಾರು 49 ಓದುಗಳಾಗುತ್ತಿದ್ದವು. 50 ಸಲ ಏರಿಳಿಯುವುದನ್ನು 49 ಸಲ ಇಣುಕಿ ನೋಡಿದರೆ ಉಳಿಯುವ ವ್ಯತ್ಯಾಸ ಒಂದು. ಅದೇ ಸೆಕೆಂಡಿಗೊಂದು ಅಲೆ. ಟ್ಯೂಬ್‌ಲೈಟಿನ ಕೆಳಗೆ ಜೋರಾಗಿ ತಿರುಗುವ ಫ್ಯಾನು ಕೆಲವೊಮ್ಮೆ ಮೆಲ್ಲಗೆ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ, ಅದೇ ಮೋಸ ಇದು. ದುರದೃಷ್ಟವೆಂದರೆ ಸೆಕೆಂಡಿಗೊಂದು ಅಲೆ ನಿಜವಾದ ಕಂಪನದಲ್ಲೂ ಕಾಣುವಂಥದ್ದೇ. ಒಂದೊಂದು ಮಿಲಿಸೆಕೆಂಡಿಗೆ ಒಂದರಂತೆ 20 ಓದುಗಳನ್ನು ತೆಗೆದು ಸರಾಸರಿ ಮಾಡಿದ್ದರೆ ಕರೆಂಟಿನ ಏರೂ ಇಳಿವೂ ಪರಸ್ಪರ ವಜಾ ಆಗಿ, ಗೆರೆ ನೆಟ್ಟಗಾಗುತ್ತಿತ್ತು. ನಾಲ್ಕು ಸಾಲಿನ ಕೆಲಸ. ಮಾರಿದವರು ಮಾಡಿರಲಿಲ್ಲ, ಕೊಂಡವನು ನೋಡಿರಲಿಲ್ಲ.

ಇಷ್ಟಾದ ಮೇಲೆ ಸೆನ್ಸರಿನ ಲೆಕ್ಕವನ್ನೂ ಹಾಕಿದೆವು. ಈ ಆರ್ಡುಯಿನೊ 5 ವೋಲ್ಟನ್ನು 1,024 ಮೆಟ್ಟಿಲುಗಳಾಗಿ ಒಡೆಯುತ್ತದೆ. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಸೆನ್ಸರ್ ಕೊಡುವುದು ಪೂರ್ತಿ ಒಂದು ಗುರುತ್ವಕ್ಕೆ (ಕೈಬಿಟ್ಟ ವಸ್ತು ಬೀಳುವಾಗಿನ ವೇಗೋತ್ಕರ್ಷಕ್ಕೆ) ಸುಮಾರು 300 ಮಿಲಿವೋಲ್ಟ್. ಅಂದರೆ ಗುರುತ್ವದ ಸಾವಿರದಲ್ಲಿ 16 ಪಾಲಿನಷ್ಟು ಅಲುಗದೆ ಪೆಟ್ಟಿಗೆ ಒಂದು ಮೆಟ್ಟಿಲೂ ಏರುವುದಿಲ್ಲ. ಸುಮ್ಮನೆ ಕುಳಿತ ಮನುಷ್ಯನಿಗೆ ಸಾವಿರದಲ್ಲಿ ಮೂರು ಪಾಲು ಅಲುಗಿದರೂ ಗೊತ್ತಾಗುತ್ತದೆ. ಕಟ್ಟೆಯ ಮೇಲೆ ಕೂತ ಅಜ್ಜನಿಗೆ ತಿಳಿಯುವ ಕಂಪನ 2,400 ರೂಪಾಯಿಯ ಯಂತ್ರಕ್ಕೆ ತಿಳಿಯುವುದಿಲ್ಲ.

ಇನ್ನು ‘ಮುನ್ನೆಚ್ಚರಿಕೆ’ ಎಂಬ ಪದ. ಭೂಕಂಪನದ ಮೊದಲ ಅಲೆ ನೆಲದೊಳಗೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಕಟ್ಟಡಗಳನ್ನು ಹೆಚ್ಚು ಕುಲುಕುವ ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರ್. ಕಂಪನ 16 ಕಿಲೋಮೀಟರ್ ದೂರದಲ್ಲಿ ಹುಟ್ಟಿದರೆ ಇವೆರಡರ ನಡುವಿನ ಅಂತರ ಎರಡು ಸೆಕೆಂಡೂ ಇಲ್ಲ. ಅಷ್ಟರಲ್ಲಿ ಮಕ್ಕಳು ಬೆಂಚಿನಿಂದ ಏಳುವುದಿಲ್ಲ. ನಮ್ಮ ಜಿಲ್ಲೆಯೊಳಗೇ ಹುಟ್ಟುವ ಕಂಪನಗಳಿಗೆ ಶಾಲೆಯ ಮೇಜಿನ ಮೇಲಿನ ಪೆಟ್ಟಿಗೆ ಎಚ್ಚರಿಕೆ ಕೊಡುತ್ತದೆ ಎನ್ನುವುದು ಬರೀ ಬೊಗಳೆ. ಮಾರಾಟಗಾರರಿಗೆ ಇದನ್ನೆಲ್ಲ ಬರೆದು ಹಣ ಕೇಳಿದೆ. ‘ಉತ್ಪನ್ನದಲ್ಲಿ ದೋಷವಿಲ್ಲ, ಬಜರ್ ಕೆಲಸ ಮಾಡುತ್ತಿದೆ’ ಎಂಬ ಉತ್ತರ ಬಂತು. ಅದೂ ನಿಜವೇ, ಬಜರ್ ಬಹಳ ಚೆನ್ನಾಗಿ ಕೆಲಸ ಮಾಡಿತ್ತು.

ನಿಮ್ಮ ಶಾಲೆಯಲ್ಲಿ ಇಂಥದ್ದು ಈಗಾಗಲೇ ಇದ್ದರೆ ಮೊದಲು ಆ ಬಜರನ್ನು ಕಿತ್ತಿಡಿ. ಆಮೇಲೆ ಸೆನ್ಸರಿನ ತಂತಿ ಬಿಚ್ಚಿ ಗೆರೆ ನೋಡಿ, ಚಾರ್ಜರ್ ಹಾಕಿ ತೆಗೆದು ನೋಡಿ. ಒಂದು ರಾತ್ರಿಯ ದಾಖಲೆಯನ್ನು ಅಧಿಕೃತ ಪಟ್ಟಿಯ ಪಕ್ಕದಲ್ಲಿಟ್ಟು ನೋಡದೆ ಯಾರಿಗೂ ತೋರಿಸಬೇಡಿ, ಮುಖ್ಯವಾಗಿ ಮೊಬೈಲ್ ಹಿಡಿದವರಿಗೆ.

ನಾವು ಈಗ ಬೇರೊಂದನ್ನು ಕಟ್ಟಿದ್ದೇವೆ. ಸ್ಪ್ರಿಂಗಿಗೆ ತೂಗುಹಾಕಿದ ಅಯಸ್ಕಾಂತ, ಅದರ ಸುತ್ತ ರಿವೈಂಡಿಂಗ್ ಅಂಗಡಿಯಲ್ಲಿ ಪುಕ್ಕಟೆ ಸುತ್ತಿಸಿಕೊಂಡ ಎನಾಮಲ್ ತಂತಿಯ ಸುರುಳಿ, ಸಿಗ್ನಲ್ ಹಿಗ್ಗಿಸಲು ಒಂದು ಚಿಪ್, ವೋಲ್ಟನ್ನು ಇನ್ನೂ ಸಣ್ಣ ಮೆಟ್ಟಿಲುಗಳಾಗಿ ಒಡೆಯುವ 16 ಬಿಟ್ಟಿನ ಎಡಿಎಸ್1115 ಚಿಪ್, ಹೊತ್ತು ತಪ್ಪದಿರಲು ಗಡಿಯಾರದ ಮಾಡ್ಯೂಲ್. ಗಾಳಿ ತಾಗದಂತೆ ಪಿವಿಸಿ ಕೊಳವೆಯೊಳಗೆ ನಿಲ್ಲಿಸಿದ್ದೇವೆ. ಮೊದಲು ಅಂಗಳದಲ್ಲಿ ನೆಟ್ಟಿದ್ದೆವು. ಎರೆ ಮಣ್ಣು ಬಿಸಿಲಿಗೆ ಬಿರಿದು ಕಟ್ಟೆಯೇ ವಾಲಿತು. ಈಗ ಅದು ಉಗ್ರಾಣದ ಗಟ್ಟಿ ನೆಲದ ಮೇಲಿದೆ. ಇದುವರೆಗೆ ಅದು ಬರೆದದ್ದು ಬಹುಪಾಲು ಕಬ್ಬಿನ ಟ್ರ್ಯಾಕ್ಟರುಗಳನ್ನು. ತುಂಬಿ ಹೋಗುವುದು ಯಾವುದು, ಖಾಲಿ ಬರುವುದು ಯಾವುದು ಎಂದು ಮಕ್ಕಳು ಗೆರೆ ನೋಡಿಯೇ ಹೇಳುತ್ತಾರೆ.

ಅಜ್ಜಿಯ ಪಟ್ಟಿ ಬಿಚ್ಚಿದ ದಿನ ಮಾತಾಡಿಸಲು ಹೋಗಿದ್ದೆ. ಚಹಾ ಕೊಟ್ಟು, “ಆ ಹೊಸ ಪೆಟ್ಟಿಗೆಯೂ ಕೂಗುತ್ತದೆಯೇನಪ್ಪಾ?” ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ನನ್ನ ಮುಂದೆ ಅವಲಕ್ಕಿಯ ತಟ್ಟೆ ಇಟ್ಟರು.