ಡಿಬಿಎಸ್ ಆದ ಮೇಲಿನ ಆರೈಕೆ: ತುಮಕೂರಿನ ಒಂದು ಪುನಶ್ಚೇತನ ಕೇಂದ್ರದ ಬಗ್ಗೆ

ಪಾರ್ಕಿನ್ಸನ್ ಕಾಯಿಲೆಗೆ ಡಿಬಿಎಸ್ (ಮೆದುಳಿನೊಳಗೆ ತಂತಿ ಇಟ್ಟು ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಿಗೆ ತುಮಕೂರಿನಲ್ಲೇ ಫಿಸಿಯೋಥೆರಪಿ ಮತ್ತು ವಾಕ್ (ಮಾತಿನ) ಚಿಕಿತ್ಸೆ ಬೇಕಿದ್ದರೆ ಬಿ.ಎಚ್. ರಸ್ತೆಯ ಬದಿಯಲ್ಲಿರುವ ಈ ಪುನಶ್ಚೇತನ ಕೇಂದ್ರಕ್ಕೆ ಧಾರಾಳವಾಗಿ ಹೋಗಬಹುದು; ಆದರೆ ಇಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ನಮ್ಮ ತಂದೆಯವರಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೆದುಳಿನ ಎರಡೂ ಬದಿಯಲ್ಲಿ, ಚಲನೆಯನ್ನು ಹತೋಟಿಯಲ್ಲಿಡುವ ಆಳದ ಕೇಂದ್ರವಾದ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ತಂತಿ ಇಳಿಸಿ, ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಬ್ಯಾಟರಿ ಇಟ್ಟಿದ್ದಾರೆ. ಕೈನಡುಕ ಹತೋಟಿಗೆ ಬಂದು ಲೆವೊಡೋಪಾ ಇರುವ ಸಿಂಡೋಪಾ ಮಾತ್ರೆಯ ಪ್ರಮಾಣವೂ ಇಳಿಯಿತು. ಅದರ ಬೆನ್ನಲ್ಲೇ ಮಾತು ಅಸ್ಪಷ್ಟವಾಗತೊಡಗಿತು, ತಿರುಗುವಾಗ ಹೆಜ್ಜೆ ಕಿತ್ತಿಡಲು ಆಗದಂತಾಯಿತು, ತೂಕವೂ ಏರಿತು. ಇಂಥ ಪ್ರತಿಯೊಂದಕ್ಕೂ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ಅವರನ್ನು ಕರೆದೊಯ್ಯುವುದು ಆಗದ ಮಾತು.

ಈ ಕೇಂದ್ರದ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅವರು ಏನು ಮಾಡಿದರು ಎಂಬುದಕ್ಕಿಂತ ಏನು ಮಾಡುವುದಿಲ್ಲವೆಂದರು ಎಂಬುದರಿಂದ. ನಮ್ಮ ಕಡೆ ಫಿಸಿಯೋಥೆರಪಿ ಎಂದರೆ ‘ಕರೆಂಟ್ ಇಡಿಸಿಕೊಳ್ಳುವುದು’ ಎಂದೇ ಅರ್ಥ. ಊರಿನ ಬೇರೊಂದು ಕಡೆ ಭುಜದ ನೋವಿಗೆಂದು ಹೋದಾಗ ಏನನ್ನೂ ಕೇಳದೆ ಡಯಾಥರ್ಮಿ (ವಿದ್ಯುತ್ಕಾಂತ ಅಲೆಗಳಿಂದ ಮೈಯೊಳಗೆ ಶಾಖ ಕೊಡುವ) ಯಂತ್ರವನ್ನು ಪಕ್ಕಕ್ಕೆ ಎಳೆದುಕೊಂಡಿದ್ದರು, ನಾವೇ ತಡೆದೆವು. ಡಿಬಿಎಸ್ ಇರುವವರಿಗೆ ಶಾರ್ಟ್‌ವೇವ್ ಮತ್ತು ಮೈಕ್ರೋವೇವ್ ಡಯಾಥರ್ಮಿಯಾಗಲಿ, ನೋವಿಗೆ ಕೊಡುವ ಅಲ್ಟ್ರಾಸೌಂಡ್ ಚಿಕಿತ್ಸೆಯಾಗಲಿ ದೇಹದ ಯಾವ ಭಾಗಕ್ಕೂ ಕೂಡದು. ಆ ಶಕ್ತಿ ಒಳಗಿನ ತಂತಿಯ ಮೂಲಕ ಹರಿದು, ಎಲೆಕ್ಟ್ರೋಡ್ ತುದಿಯಲ್ಲಿ ಬಿಸಿಯೇರಿಸಿ ಮೆದುಳಿನ ಅಂಗಾಂಶವನ್ನೇ ಸುಡಬಹುದು, ಪ್ರಾಣಕ್ಕೂ ಅಪಾಯ ತರಬಹುದು; ಸಾಧನವನ್ನು ಆಫ್ ಮಾಡಿಟ್ಟರೂ ಈ ಅಪಾಯ ತಪ್ಪುವುದಿಲ್ಲ. ಇಲ್ಲಿಯ ಫಿಸಿಯೋಥೆರಪಿಸ್ಟ್ ಮೊದಲ ಭೇಟಿಯಲ್ಲೇ ಸಾಧನದ ಗುರುತಿನ ಚೀಟಿಯನ್ನು ಕೇಳಿ ಪಡೆದು, ಬ್ಯಾಟರಿ ಯಾವ ಬದಿಯಲ್ಲಿದೆ ಎಂದು ನೋಡಿ, ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ನಿಷೇಧವನ್ನು ಬರೆದರು. ನೋವಿಗೆಂದು ಚರ್ಮದ ಮೇಲಿಂದ ನರಗಳಿಗೆ ಸಣ್ಣ ಕರೆಂಟ್ ಕೊಡುವ ಟೆನ್ಸ್ ಯಂತ್ರವನ್ನು ಸಹ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಒಪ್ಪಿಗೆ ಬರೆದುಕೊಡದ ಹೊರತು ಮುಟ್ಟುವುದಿಲ್ಲ ಎಂದರು. ಯಂತ್ರವಿಲ್ಲದೆ ಚಿಕಿತ್ಸೆಯೇ ಅಲ್ಲ ಎಂದು ಗೊಣಗುವ ಹಿರಿಯರಿಗೆ ಇದು ಸಪ್ಪೆ ಎನಿಸಬಹುದು, ನಮ್ಮ ತಂದೆಯವರಿಗೂ ಹಾಗೆಯೇ ಅನಿಸಿತ್ತು.

ವಾಕ್ ಚಿಕಿತ್ಸೆಯ ವಿಭಾಗವೇ ಇಲ್ಲಿಯ ಶಕ್ತಿ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಚಿಕ್ಕದು. ಅದರ ಪಕ್ಕದಲ್ಲೇ ಮುಖ, ನಾಲಿಗೆಗಳಿಗೆ ಆಜ್ಞೆ ಒಯ್ಯುವ ನರತಂತುಗಳು ಹಾದುಹೋಗುತ್ತವೆ. ಪ್ರಚೋದನೆ ಅಲ್ಲಿಯವರೆಗೂ ಹರಡಿದರೆ ಕೈ ನೆಟ್ಟಗಾದರೂ ಮಾತು ಕೆಡುತ್ತದೆ. ಜತೆಗೆ ಕಾಯಿಲೆಯೇ ದನಿಯನ್ನು ಕುಗ್ಗಿಸುವುದರಿಂದ ಯಾವುದು ಯಾವುದರಿಂದ ಎಂದು ಬಿಡಿಸುವುದು ಸುಲಭವಲ್ಲ. ಇಲ್ಲಿಯ ಚಿಕಿತ್ಸಕಿ ಆ ಕೆಲಸವನ್ನು ತಾಳ್ಮೆಯಿಂದ ಮಾಡಿದರು: ಮಾತ್ರೆ ನುಂಗುವ ಮೊದಲು ಮತ್ತು ಅದು ಹತ್ತಿದ ಮೇಲೆ ಒಂದೇ ವಾಕ್ಯವನ್ನು ಓದಿಸಿ ದನಿ ಮುದ್ರಿಸಿಕೊಂಡರು. ಮಾತ್ರೆಯ ವೇಳೆ, ನಡುಕ, ಮೈ ತಾನಾಗಿ ಹೊಯ್ದಾಡುವುದು, ಮಾತು, ಬೀಳುವಿಕೆ ಇವನ್ನೆಲ್ಲ ಗಂಟೆವಾರು ಬರೆಯುವ ಹಾಳೆಯನ್ನು ಮನೆಗೆ ಕೊಟ್ಟರು. ಬೆಂಗಳೂರಿನಲ್ಲಿ ಪ್ರೋಗ್ರಾಮಿಂಗ್ (ಸಾಧನದ ಪ್ರಚೋದನೆಯನ್ನು ಹೊಂದಿಸುವ ಕೆಲಸ) ಮಾಡುವ ವೈದ್ಯರು ಆ ಹಾಳೆಯನ್ನು ನೋಡಿ, ದನಿಮುದ್ರಣ ಕೇಳಿ, ಪ್ರಚೋದನೆಯ ಪ್ರಮಾಣವನ್ನು ಸ್ವಲ್ಪ ತಗ್ಗಿಸಿ, ಎಲೆಕ್ಟ್ರೋಡಿನ ಬೇರೊಂದು ಬಿಂದುವಿಗೆ ಬದಲಿಸಿದರು. ಮಾತು ಪೂರ್ತಿ ಮೊದಲಿನಂತಾಗಲಿಲ್ಲ, ಮನೆಯವರಲ್ಲದವರಿಗೂ ಅರ್ಥವಾಗುವಷ್ಟಾಯಿತು. ಉಳಿದದ್ದಕ್ಕೆ ಅಭ್ಯಾಸ. ಗಟ್ಟಿಯಾಗಿ ಕಾಗುಣಿತ ಹೇಳಿಸುವುದು, ಪತ್ರಿಕೆಯ ತಲೆಬರಹವನ್ನು ಕೋಣೆಯ ಆಚೆ ಬದಿಗೆ ಕೇಳುವಂತೆ ಓದಿಸುವುದು, ಫೋನಿನಲ್ಲಿ ಅಂಗಡಿಗೆ ಸಾಮಾನು ಹೇಳಿಸುವುದು. ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ ಎಂದು ಅವರಾಗಿಯೇ ವಿಚಾರಿಸಿದ್ದು ನನಗೆ ಮೆಚ್ಚುಗೆಯಾಯಿತು.

ನಡಿಗೆಯ ವಿಷಯದಲ್ಲಿ ಭರವಸೆ ಕಡಿಮೆ ಕೊಟ್ಟರು, ಅದು ಸರಿಯೂ ಹೌದು. ಮಾತ್ರೆಗೆ ಬಗ್ಗದ ನಡಿಗೆಯ ತೊಂದರೆ ಸಾಮಾನ್ಯವಾಗಿ ಡಿಬಿಎಸ್‌ಗೂ ಬಗ್ಗುವುದಿಲ್ಲ. ನೆಲಕ್ಕೆ ಅಡ್ಡಪಟ್ಟಿ ಅಂಟಿಸಿ ದಾಟಿಸುವುದು, ತಾಳಕ್ಕೆ ಹೆಜ್ಜೆ ಹಾಕಿಸುವುದು, ತಟ್ಟನೆ ತಿರುಗದೆ ಅಗಲವಾಗಿ ಬಳಸಿ ಬರುವುದು ಇಲ್ಲಿಯ ಕ್ರಮ. ಸಾಮಾನ್ಯವಾಗಿ 130 ಹರ್ಟ್ಸ್ (ಸೆಕೆಂಡಿಗೆ 130 ಮಿಡಿತ) ಆಸುಪಾಸಿನಲ್ಲಿರುವ ಪ್ರಚೋದನೆಯನ್ನು 60ಕ್ಕೆ ಇಳಿಸಿದರೆ ಕೆಲವರ ಹೆಜ್ಜೆ ಸಡಿಲವಾಗುತ್ತದೆ, ಆದರೆ ನಡುಕ ಮರಳಬಹುದು ಎಂದು ವಿವರಿಸಿ, ಆ ತೀರ್ಮಾನ ವೈದ್ಯರದೆಂದು ಅಲ್ಲಿಗೇ ನಿಲ್ಲಿಸಿದರು.

ಕೊರತೆ ಇರುವುದು ಮನಸ್ಸಿನ ವಿಷಯದಲ್ಲಿ. ಶಸ್ತ್ರಚಿಕಿತ್ಸೆಯ ಬಳಿಕ ಮಾತ್ರೆ ಬೇಗ ಇಳಿಸಿದಾಗ ಕೆಲವರಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲದ ಜಡತೆ ಬರುತ್ತದೆ. ಇನ್ನು ಕೆಲವರು ಇದ್ದಕ್ಕಿದ್ದಂತೆ ದುಡುಕುತ್ತಾರೆ, ಖಿನ್ನರಾಗುತ್ತಾರೆ. ಇವೂ ಅಡ್ಡಪರಿಣಾಮಗಳೇ. ತಂದೆಯವರು ವ್ಯಾಯಾಮಕ್ಕೆ ಏಳದ ದಿನಗಳಲ್ಲಿ ಇಲ್ಲಿಯ ಸಹಾಯಕರೊಬ್ಬರು “ಯಜಮಾನರೇ, ಸೋಮಾರಿತನ ಬಿಡಿ” ಎಂದು ಎಲ್ಲರೆದುರು ನಕ್ಕಿದ್ದು ನಮಗೆ ಹಿಡಿಸಲಿಲ್ಲ. ಕೇಂದ್ರದಲ್ಲಿ ಮನಶ್ಶಾಸ್ತ್ರಜ್ಞರಿಲ್ಲ, ಮನೆಯವರನ್ನು ಕೂರಿಸಿ ಈ ಬಗ್ಗೆ ಕೇಳುವ ಪದ್ಧತಿಯೂ ಇಲ್ಲ. ಕೊನೆಗೆ ಬೆಂಗಳೂರಿನ ವೈದ್ಯರಿಗೆ ನಾವೇ ತಿಳಿಸಿದೆವು, ಮಾತ್ರೆಯನ್ನು ಮತ್ತೆ ಹೊಂದಿಸಿದರು. ಆಹಾರದ ಸಲಹೆಯೂ ತೆಳು: ಮುದ್ದೆ, ಅನ್ನ ಕಡಿಮೆ ಮಾಡಿ ಬೇಳೆ, ಮೊಟ್ಟೆ ಹೆಚ್ಚಿಸಿ ಎಂದು ಎಲ್ಲರಿಗೂ ಹಂಚುವ ಚೀಟಿಯನ್ನೇ ಕೊಟ್ಟರು. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ನುಂಗಿದರೆ ಲೆವೊಡೋಪಾ ಸರಿಯಾಗಿ ಹತ್ತುವುದಿಲ್ಲ ಎಂಬ ಮಾತು ಅದರಲ್ಲಿರಲಿಲ್ಲ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಳಿಜಾರು ದಾರಿಯಿದೆ, ಕುರ್ಚಿಗಳಿಗೆ ಕೈಗಳಿವೆ, ಶೌಚಾಲಯದ ಹೊಸ್ತಿಲು ಮಾತ್ರ ಎತ್ತರ. ಇಡೀ ತಿಂಗಳ ಹಣವನ್ನು ಮುಂಗಡ ಕಟ್ಟಬೇಕೆಂಬ ಒತ್ತಾಯವಿಲ್ಲ. ಮಾತ್ರೆ ಹತ್ತಿರುವ ಹೊತ್ತಿಗೆ ಸರಿಯಾಗಿ ಸಮಯ ಕೊಡುತ್ತಾರೆ, ಕೇಳಬೇಕಷ್ಟೆ.

ಪ್ರೋಗ್ರಾಮಿಂಗ್ ಇಲ್ಲಿ ಆಗುವುದಿಲ್ಲ. ನಡುಕ ಹಠಾತ್ತನೆ ಮರಳಿದರೆ ಮೊದಲು ಮನೆಯಲ್ಲಿರುವ ರಿಮೋಟಿನಲ್ಲಿ ಸಾಧನ ಆನ್ ಇದೆಯೇ, ಬ್ಯಾಟರಿ ಎಷ್ಟಿದೆ ಎಂದು ನೋಡಿ, ಬಳಿಕ ವೈದ್ಯರಿಗೆ ಫೋನ್ ಮಾಡಬೇಕು. ಬ್ಯಾಟರಿಯ ಜಾಗ ಕೆಂಪಾಗಿ ಊದಿದರೆ ಅಥವಾ ಕೀವು ಕಂಡರೆ ಈ ಕೇಂದ್ರಕ್ಕೆ ಹೋಗಿ ಕೂರದೆ ನೇರವಾಗಿ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯನ್ನೇ ಸೇರಬೇಕು. ಉಳಿದ ದಿನಗಳಲ್ಲಿ ಹೋಗುವವರು ಸಾಧನದ ಗುರುತಿನ ಚೀಟಿ, ಕೊನೆಯ ಪ್ರೋಗ್ರಾಮಿಂಗ್ ವಿವರ ಮತ್ತು ಮಾತ್ರೆಗಳ ಪಟ್ಟಿಯನ್ನು ಕೊಂಡೊಯ್ಯಲಿ. ವಾಕ್ ಚಿಕಿತ್ಸಕಿ ಶನಿವಾರ ಬರುವುದಿಲ್ಲ.